ಕೊವೆಂಟ್ರಿಯಲ್ಲಿ ಒಂದು ಸೈಕಲ್ ಗಾಲಿಯ ಮುಂದೆ

ಸೆಪ್ಟೆಂಬರ್ ಕೊನೆಗೆ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದಿಳಿಯುವ ನಮ್ಮ ಕಡೆಯ ವಿದ್ಯಾರ್ಥಿಗಳು ಬ್ಯಾಂಕ್ ಖಾತೆ, ಸಿಮ್ ಕಾರ್ಡು, ಸೋನಾ ಮಸೂರಿ ಸಿಗುವ ಅಂಗಡಿ ಇಷ್ಟನ್ನು ಹೊಂದಿಸಿಕೊಂಡ ಮೇಲೆ, ಮೊದಲ ಬಿಡುವಿನ ಶನಿವಾರ ಹೋಗುವುದು ಊರ ನಡುವಿನ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂಗೆ. ಮೆಕ್ಯಾನಿಕಲ್, ಆಟೊಮೊಬೈಲ್ ಓದಿ ಬಂದವರಂತೂ ತಪ್ಪಿಸುವುದೇ ಇಲ್ಲ. ಒಳಗೆ ಕಾಲಿಟ್ಟವರು ಮೊದಲು ಕೇಳುವುದು ‘ಥ್ರಸ್ಟ್ ಎಸ್‌ಎಸ್‌ಸಿ ಎಲ್ಲಿದೆ?’ ಅಂತ. ನೆಲದ ಮೇಲೆ ಶಬ್ದದ ವೇಗ ದಾಟಿದ ಕಾರು ಅದು. ಅದರ ಮೂತಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ದಾರಿಯಲ್ಲಿ ಒಂದೆರಡು ಜಾಗ್ವಾರ್ ನೋಡಿ, ಒಂದು ಗಂಟೆಯೊಳಗೆ ಹೊರಗೆ ಬಂದುಬಿಡುತ್ತಾರೆ. ಫೋಟೊ ಅಷ್ಟೊತ್ತಿಗೆ ಊರಿನ ಗ್ರೂಪಿಗೆ ಹೋಗಿರುತ್ತದೆ. ಆ ಕಾರನ್ನು ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ಸಲ ಮನಸ್ಸಿಗೆ ಕಿರಿಕಿರಿಯಾಗುವ ಸಂಗತಿ ಬೇರೆ. ಆ ಕಾರಿನ ತನಕ ಹೋಗುವಾಗ ಇವರೆಲ್ಲ ಹಳೇ ಸೈಕಲ್ಲುಗಳ ಸಾಲನ್ನು ದಾಟಿಕೊಂಡೇ ಹೋಗಿರುತ್ತಾರೆ, ಒಬ್ಬರೂ ಅಲ್ಲಿ ನಿಂತಿರುವುದಿಲ್ಲ. ಕೊವೆಂಟ್ರಿ ಕಾರಿನ ಊರಾಗಿದ್ದು ಯಾಕೆ ಅನ್ನುವುದಕ್ಕೆ ಉತ್ತರ ಇರುವುದು ಆ ಸಾಲಿನಲ್ಲಿ. ಅದನ್ನು ಬಿಟ್ಟು ನೋಡಿದರೆ ಉಳಿದದ್ದೆಲ್ಲ ಬಣ್ಣ ಹಚ್ಚಿ ನಿಲ್ಲಿಸಿದ ಹಳೇ ಗಾಡಿಗಳಷ್ಟೇ.

ಮ್ಯೂಸಿಯಂ ಇರುವುದು ಹೇಲ್ಸ್ ಸ್ಟ್ರೀಟಿನಲ್ಲಿ, ಪೂಲ್ ಮೆಡೊ ಬಸ್ ಸ್ಟ್ಯಾಂಡಿಗೆ ಅಂಟಿಕೊಂಡಂತೆ. ರೈಲಿನಲ್ಲಿ ಬಂದವರು ವರ್ತುಲ ರಸ್ತೆಯನ್ನು ದಾಟಿ, ಗ್ರೇಫ್ರಯರ್ಸ್ ಗ್ರೀನ್ ಹುಲ್ಲುಹಾಸಿನ ಪಕ್ಕದಲ್ಲಿ ನಡೆದು, ಬ್ರಾಡ್‌ಗೇಟಿನಲ್ಲಿ ಕುದುರೆ ಮೇಲೆ ಕೂತ ಲೇಡಿ ಗೊಡೈವಾಳ ಪ್ರತಿಮೆ ನೋಡಿಕೊಂಡು ಟ್ರಿನಿಟಿ ಸ್ಟ್ರೀಟಿನ ಇಳಿಜಾರಿನಲ್ಲಿ ಇಳಿದರೆ ಸಾಕು. ಇಪ್ಪತ್ತು ನಿಮಿಷದ ನಡಿಗೆ. ಟಿಕೆಟ್ಟು, ತೆರೆದಿರುವ ದಿನ ಬದಲಾಗುತ್ತಿರುತ್ತವೆ, ಹೊರಡುವ ಮೊದಲು ನೋಡಿಕೊಳ್ಳಿ. ಮೂರು ಗಂಟೆ ಇಟ್ಟುಕೊಳ್ಳಿ, ಅದರಲ್ಲಿ ಮುಕ್ಕಾಲು ಗಂಟೆ ಸೈಕಲ್ಲುಗಳಿಗೇ ಮೀಸಲಿಡಿ.

ಕಡ್ಡಿಗಳು

ಹಾಸನದ ಕಡೆಯ ಒಬ್ಬ ಹುಡುಗಿ, ಎಂ.ಎಸ್ಸಿ. ಓದಲು ಬಂದವಳು, ಎತ್ತರದ ಗಾಲಿಯ ಸೈಕಲ್ಲೊಂದರ ಮುಂದೆ ನಿಂತು ಕೇಳಿದ ಪ್ರಶ್ನೆ ಇನ್ನೂ ನೆನಪಿದೆ. ಮುಂದಿನ ಗಾಲಿ ಅವಳ ಎದೆಯ ಮಟ್ಟಕ್ಕಿತ್ತು, ಹಿಂದಿನದು ಮೊಣಕಾಲಿನಷ್ಟು. ಕಡ್ಡಿಗಳನ್ನು ಬೆರಳು ತೋರಿಸಿ ಎಣಿಸಲು ಹೋಗಿ, ಅರ್ಧಕ್ಕೆ ಲೆಕ್ಕ ತಪ್ಪಿ, ‘ಇಷ್ಟು ಸಣ್ಣ ಕಡ್ಡಿ ಮೇಲೆ ಮನುಷ್ಯ ಕೂತ್ರೆ ಬಗ್ಗಲ್ವಾ ಸರ್?’ ಅಂದಳು. ನಾಲ್ಕು ವರ್ಷ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದ ಮೇಲೂ ಕೇಳಬೇಕಾದ ಪ್ರಶ್ನೆಯೇ ಅದು. ಎತ್ತಿನ ಗಾಡಿಯ ಗಾಲಿ ನೋಡಿ ಬೆಳೆದವರಿಗೆ ಭಾರ ಹೊರುವುದು ಅಂದರೆ ಅರಗಳ ಮೇಲೆ ಒರಗುವುದು. ಗುಂಭ (ಗಾಲಿಯ ನಡುಭಾಗ, ಸೈಕಲ್ಲಿನಲ್ಲಾದರೆ ಹಬ್ಬು) ಕೆಳಗಿನ ಅರದ ಮೇಲೆ ಕೂರುತ್ತದೆ, ಅರ ಪಟ್ಟಿಯ ಮೇಲೆ ನಿಲ್ಲುತ್ತದೆ. ಅದಕ್ಕೇ ಮರದ ಅರ ದಪ್ಪ. ಎರಡು ಮಿಲಿಮೀಟರ್ ದಪ್ಪದ ತಂತಿಯನ್ನು ಹಾಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಕ್ಷಣದಲ್ಲಿ ಬಾಗುತ್ತದೆ.

ಆದರೆ ಅದೇ ತಂತಿಯನ್ನು ಎಳೆದರೆ? ಒಂದು ಕ್ವಿಂಟಲ್‌ಗಿಂತ ಹೆಚ್ಚು ಎಳೆತ ಕೊಟ್ಟರೂ ತಡೆಯುತ್ತದೆ. ತಂತಿ ಕಡ್ಡಿಯ ಗಾಲಿಯ ಗುಟ್ಟು ಇದೇ. ಎಲ್ಲಾ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಸವಾರ ಕೂತಾಗ ನೆಲದ ಹತ್ತಿರದ ನಾಲ್ಕಾರು ಕಡ್ಡಿಗಳ ಬಿಗಿ ಸ್ವಲ್ಪ ಇಳಿಯುತ್ತದೆ, ಉಳಿದವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಬಿಗಿ ಪೂರ್ತಿ ಇಳಿದುಹೋಗದಷ್ಟು ಮೊದಲೇ ಎಳೆದಿಟ್ಟಿದ್ದರೆ ಗಾಲಿ ಗಟ್ಟಿ. ಸೇತುವೆ ಕಟ್ಟುವವರು ಕಾಂಕ್ರೀಟಿನ ತೊಲೆಯೊಳಗೆ ಉಕ್ಕಿನ ತಂತಿಗಳನ್ನು ಎಳೆದು ಬಿಗಿಯುವುದರ ಹಿಂದಿರುವ ಲೆಕ್ಕಾಚಾರವೂ ಇದೇ, ಅಲ್ಲಿ ಒತ್ತಡ, ಇಲ್ಲಿ ಎಳೆತ. ಕಡ್ಡಿ ಸಡಿಲವಿದ್ದರೆ ಏನಾಗುತ್ತದೆ ಅನ್ನುವುದು ನಮ್ಮ ಊರಿನ ಸೈಕಲ್ ಶಾಪಿನವರಿಗೆಲ್ಲ ಗೊತ್ತು. ಗಾಲಿ ಒಂದು ಸುತ್ತು ಹಾಕಿದಂತೆಲ್ಲ ಆ ಕಡ್ಡಿ ಸಡಿಲ, ಬಿಗಿ, ಸಡಿಲ, ಬಿಗಿ. ತಂತಿಯನ್ನು ಅತ್ತಿತ್ತ ಬಾಗಿಸಿ ಬಾಗಿಸಿ ಮುರಿದ ಹಾಗೆ, ಹಬ್ಬಿನ ತೂತಿನ ಹತ್ತಿರ ಮಡಿಕೆ ಇರುವ ಜಾಗದಲ್ಲಿ ಕಡ್ಡಿ ತುಂಡಾಗುತ್ತದೆ. ಕಡ್ಡಿ ಮುರಿಯುವುದು ಭಾರ ಹೆಚ್ಚಾಗಿ ಅಂದುಕೊಳ್ಳುತ್ತೇವೆ, ಎಷ್ಟೋ ಸಲ ಅದು ಮುರಿಯುವುದು ಬಿಗಿ ಸಾಲದೆ.

ಇನ್ನೊಂದು ತೊಡಕಿದೆ, ಮ್ಯೂಸಿಯಂನಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಬಹಳ ಹಳೆಯ ಗಾಲಿಗಳಲ್ಲಿ ಕಡ್ಡಿಗಳು ಹಬ್ಬಿನ ನಡುವಿನಿಂದ ರಿಮ್ಮಿಗೆ ನೇರವಾಗಿ, ಸೂರ್ಯನ ಕಿರಣದ ಚಿತ್ರದ ಹಾಗೆ ಹೋಗುತ್ತವೆ. ಪೆಡಲ್ ಇರುವುದು ಹಬ್ಬಿಗೆ. ಪೆಡಲ್ ತುಳಿದಾಗ ಹಬ್ಬು ಮೊದಲು ತಿರುಗಲು ನೋಡುತ್ತದೆ, ರಿಮ್ಮು ಹಿಂದೆ ಉಳಿಯುತ್ತದೆ, ನೇರ ಕಡ್ಡಿಗಳು ಓರೆಯಾಗಿ ತಿರುಚಿಕೊಳ್ಳುತ್ತವೆ. ಈ ಊರಿನ ಜೇಮ್ಸ್ ಸ್ಟಾರ್ಲಿ ಮತ್ತು ವಿಲಿಯಂ ಹಿಲ್‌ಮನ್ 1870ರಲ್ಲಿ ಏರಿಯಲ್ ಸೈಕಲ್ ಮಾಡಿದಾಗ ಹಬ್ಬಿನಿಂದ ರಿಮ್ಮಿಗೆ ಒಂದು ಸನ್ನೆಕೋಲು ಇಟ್ಟು, ಅದರಿಂದ ಹಬ್ಬನ್ನೇ ಸ್ವಲ್ಪ ತಿರುಗಿಸಿ ಎಲ್ಲಾ ಕಡ್ಡಿಗಳನ್ನೂ ಒಟ್ಟಿಗೆ ಬಿಗಿ ಮಾಡುವ ವ್ಯವಸ್ಥೆ ಮಾಡಿದ್ದರು. ನಾಲ್ಕು ವರ್ಷ ಕಳೆದು, 1874ರಲ್ಲಿ, ಸ್ಟಾರ್ಲಿ ಅದಕ್ಕಿಂತ ಸರಳ ಉಪಾಯ ಕಂಡುಕೊಂಡ. ಕಡ್ಡಿಗಳನ್ನು ಹಬ್ಬಿನ ಅಂಚಿನಿಂದ ಓರೆಯಾಗಿ ಹೊರಡಿಸಿದ, ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ, ಒಂದನ್ನೊಂದು ದಾಟುವ ಹಾಗೆ. ಈಗ ಹಬ್ಬು ತಿರುಗಿದರೆ ಹಿಂದಕ್ಕೆ ವಾಲಿದ ಕಡ್ಡಿಗಳು ರಿಮ್ಮನ್ನು ನೇರವಾಗಿ ಎಳೆಯುತ್ತವೆ, ತಿರುಚಿಕೊಳ್ಳುವುದಿಲ್ಲ. ನಮ್ಮಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಹಾಕುವ, ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಕಪ್ಪು ಸೈಕಲ್ಲಿನ ಹಿಂದಿನ ಗಾಲಿ ನೋಡಿ. ಕಡ್ಡಿ ಕಡ್ಡಿಯನ್ನು ದಾಟುವ ಆ ಹೆಣಿಗೆ ಈ ಊರಿನ 1874ರ ಹೆಣಿಗೆ. ಹಿಂದಿನ ಗಾಲಿಗೆ ಎಂಟು ಕಡ್ಡಿ ಹೆಚ್ಚು, ಯಾಕೆಂದರೆ ಸವಾರನ ತೂಕ, ಕ್ಯಾರಿಯರ್ ಮೇಲಿನ ಹೊರೆ, ಚೈನಿನ ಎಳೆತ ಮೂರೂ ಬೀಳುವುದು ಅಲ್ಲೇ.

ಅವಳಿಗೆ ಹೇಳಿದ್ದು ಇಷ್ಟೇ. ಇಲ್ಲಿ ಯಾವುದನ್ನೂ ಮುಟ್ಟಬೇಡ. ಮನೆಗೆ ಹೋದಮೇಲೆ ನಿನ್ನ ಸೆಕೆಂಡ್ ಹ್ಯಾಂಡ್ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸು. ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟು. ಹಿಂದಿನ ಗಾಲಿಯ ಎರಡು ಬದಿಯನ್ನೂ ಬೇರೆ ಬೇರೆಯಾಗಿ ಕೇಳು, ಗೇರಿನ ಸೈಕಲ್ಲಿನಲ್ಲಿ ಚೈನಿನ ಬದಿ ಬಿಗಿ ಹೆಚ್ಚು ಇರುತ್ತದೆ, ಅದರ ಸ್ವರವೂ ಏರು. ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಸ್ವರ ಕೊಡಬೇಕು. ‘ಟಿಂಗ್’ ಅನ್ನುವ ಸಾಲಿನಲ್ಲಿ ಒಂದು ‘ಧಬ್’ ಅಂದರೆ ಅದು ಸಡಿಲ. ಆಮೇಲೆ ಬೆಂಡು ನೋಡು. ಫೋರ್ಕಿಗೆ ಒರಗಿಸಿ ಸೀಮೆಸುಣ್ಣ ಹಿಡಿದು ಗಾಲಿ ತಿರುಗಿಸಿದರೆ ರಿಮ್ಮು ವಾಲಿರುವ ಕಡೆ ಗೆರೆ ಬೀಳುತ್ತದೆ. ಬಲಕ್ಕೆ ವಾಲಿದ್ದರೆ ಆ ಜಾಗದ ಎಡಬದಿಯ ಕಡ್ಡಿಗಳ ನಿಪ್ಪಲ್ (ರಿಮ್ಮಿನ ಬಳಿ ಕಡ್ಡಿಯನ್ನು ಬಿಗಿಯುವ ಪುಟ್ಟ ನಟ್ಟು) ಕಾಲು ಸುತ್ತು ಬಿಗಿ ಮಾಡು, ಬಲಬದಿಯದು ಕಾಲು ಸುತ್ತು ಸಡಿಲಿಸು. ಒಂದೇ ಸಲಕ್ಕೆ ಪೂರ್ತಿ ಸುತ್ತು ಕೊಟ್ಟರೆ ಬೆಂಡು ಪಕ್ಕದ ಜಾಗಕ್ಕೆ ಓಡುತ್ತದೆ, ಬೆನ್ನಟ್ಟುತ್ತಾ ಹೋಗಿ ರಿಮ್ಮು ಎಂಟರ ಆಕಾರಕ್ಕೆ ಬರುತ್ತದೆ.

ಎತ್ತರ ಯಾಕೆ, ಆಮೇಲೆ ತಗ್ಗಿದ್ದು ಹೇಗೆ

ಮುಂದಿನ ಗಾಲಿ ಅಷ್ಟು ದೊಡ್ಡದಾಗಿದ್ದು ಶೋಕಿಗಲ್ಲ. ಪೆಡಲ್ ನೇರವಾಗಿ ಗಾಲಿಗೇ ಇದ್ದಾಗ ಒಂದು ತುಳಿತಕ್ಕೆ ಗಾಲಿ ಒಂದೇ ಸುತ್ತು. 54 ಇಂಚಿನ ಗಾಲಿಯಾದರೆ ಒಂದು ಸುತ್ತಿಗೆ 4.3 ಮೀಟರ್ ದಾರಿ. ಜೋರಾಗಿ ಹೋಗಬೇಕಾದರೆ ಗಾಲಿ ದೊಡ್ಡದಾಗಬೇಕು, ಗಾಲಿ ದೊಡ್ಡದಾಗಬೇಕಾದರೆ ಸವಾರನ ಕಾಲು ಉದ್ದವಿರಬೇಕು. ವೇಗದ ಮಿತಿ ಅಂದರೆ ಮನುಷ್ಯನ ತೊಡೆಯಿಂದ ಪಾದದ ಅಳತೆ. ಇನ್ನೊಂದು ಕಡೆ ಅಪಾಯ. ಸವಾರ ಹೆಚ್ಚು ಕಡಿಮೆ ಅಚ್ಚಿನ ನೆತ್ತಿಯ ಮೇಲೇ ಕೂತಿರುತ್ತಾನೆ. ಒಂದು ಕಲ್ಲು ಅಡ್ಡ ಸಿಕ್ಕಿ ಗಾಲಿ ನಿಂತರೆ ಇಡೀ ಸೈಕಲ್ಲು ಅಚ್ಚಿನ ಸುತ್ತ ಮುಂದಕ್ಕೆ ಮಗುಚಿ ಸವಾರ ತಲೆಕೆಳಗಾಗಿ ಬೀಳುತ್ತಾನೆ.

ಜೇಮ್ಸ್ ಸ್ಟಾರ್ಲಿಯ ಅಣ್ಣನ ಮಗನೋ ತಮ್ಮನ ಮಗನೋ, ಅಂತೂ ಅದೇ ಮನೆತನದ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೋವರ್ ಸೇಫ್ಟಿ ಸೈಕಲ್ ತಂದದ್ದು ಈ ಎರಡೂ ಕಟ್ಟುಗಳನ್ನು ಒಟ್ಟಿಗೆ ಬಿಚ್ಚಿತು. ಪೆಡಲ್ಲನ್ನು ಎರಡು ಗಾಲಿಗಳ ನಡುವೆ ತಂದು, ಚೈನಿನಿಂದ ಹಿಂದಿನ ಗಾಲಿಯನ್ನು ಎಳೆಸಿದ. ಚೈನು ಬಂದ ಕೂಡಲೇ ಗಾಲಿಯ ಗಾತ್ರಕ್ಕೂ ವೇಗಕ್ಕೂ ಇದ್ದ ನಂಟು ಕಡಿಯಿತು. ಪೆಡಲಿನ ಚಕ್ರಕ್ಕೆ 48 ಹಲ್ಲು, ಹಿಂದಿನ ಫ್ರೀ ವೀಲಿಗೆ 18 ಹಲ್ಲು ಎಂದಿಟ್ಟುಕೊಳ್ಳಿ. 28 ಇಂಚಿನ ಗಾಲಿ ಒಂದು ತುಳಿತಕ್ಕೆ ಎರಡೂ ಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುತ್ತದೆ, ದಾರಿ ಸುಮಾರು 6 ಮೀಟರ್. ಅದನ್ನು ಎತ್ತರದ ಸೈಕಲ್ಲಿನಲ್ಲಿ ಸಾಧಿಸಬೇಕಾದರೆ ಸುಮಾರು 75 ಇಂಚಿನ ಗಾಲಿ ಬೇಕಿತ್ತು, ಅದನ್ನು ತುಳಿಯುವ ಕಾಲು ಯಾರಿಗೂ ಇಲ್ಲ. ಸವಾರ ತಗ್ಗಿನಲ್ಲಿ, ಎರಡು ಗಾಲಿಗಳ ನಡುವೆ ಕೂತದ್ದರಿಂದ ಮಗುಚುವ ಭಯವೂ ಹೋಯಿತು. ಸಣ್ಣ ಗಾಲಿಯ ಕುಲುಕಾಟ ಒಂದು ಉಳಿದಿತ್ತು. ಅದಕ್ಕೆ 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟಿನಲ್ಲಿ ಗಾಳಿ ತುಂಬುವ ಟೈರು ಮಾಡಿದ. ಪೋಲಿಷ್ ಭಾಷೆಯಲ್ಲಿ ಇವತ್ತಿಗೂ ಸೈಕಲ್ಲಿಗೆ ‘ರೋವೆರ್’ ಅನ್ನುತ್ತಾರೆ, ಅದು ಈ ಊರಿನ ಕಂಪನಿಯ ಹೆಸರು.

ಇದೇ ಮನೆತನದ ಇನ್ನೊಂದು ಕೆಲಸದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಜೇಮ್ಸ್ ಸ್ಟಾರ್ಲಿಯೂ ಮಗನೂ ಅಕ್ಕಪಕ್ಕ ಕೂತು ತುಳಿಯುವ ಗಾಡಿಯಲ್ಲಿ ಹೋಗುತ್ತಿದ್ದಾಗ, ಮಗನ ತುಳಿತ ಜೋರಾಗಿ, ಗಾಡಿ ಒಂದು ಕಡೆಗೆ ಎಳೆದು, ಇಬ್ಬರೂ ತುರಿಕೆ ಗಿಡಗಳ ಮೇಲೆ ಬಿದ್ದರು ಅನ್ನುವ ಕಥೆ ಇಲ್ಲಿ ಪ್ರಸಿದ್ಧ. 1877ರಲ್ಲಿ ಸ್ಟಾರ್ಲಿ ತನ್ನ ಮೂರು ಗಾಲಿಯ ಸೈಕಲ್ಲಿಗೆ ಡಿಫರೆನ್ಶಿಯಲ್, ಅಂದರೆ ಎರಡು ಗಾಲಿಗಳನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ, ಹಾಕಿದ. ಫ್ರಾನ್ಸಿನ ಪೆಕರ್ ಎಂಬಾತ 1827ರಲ್ಲೇ ಉಗಿ ಗಾಡಿಗೆ ಇದನ್ನು ಯೋಚಿಸಿದ್ದ, ಆದರೆ ಜನರು ದಿನಾ ಓಡಿಸುವ ಗಾಡಿಗೆ ಅದು ಬಂದದ್ದು ಇಲ್ಲಿಂದ. ಅದು ಯಾಕೆ ಬೇಕು ಅನ್ನುವುದಕ್ಕೆ ನಮ್ಮ ಆಟೋರಿಕ್ಷಾ ಸಾಕು. ಹಿಂದಿನ ಎರಡು ಗಾಲಿಗಳ ನಡುವೆ 1.2 ಮೀಟರ್ ಅಂತರ ಎಂದಿಟ್ಟುಕೊಂಡು ಯೂ ಟರ್ನ್ ತೆಗೆದರೆ, ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 3.8 ಮೀಟರ್ ಹೆಚ್ಚು ದಾರಿ ಉರುಳಬೇಕು. ಎಷ್ಟು ಅಗಲವಾಗಿ ತಿರುಗಿಸಿದರೂ, ಎಷ್ಟು ಕಿರಿದಾಗಿ ತಿರುಗಿಸಿದರೂ ಆ ವ್ಯತ್ಯಾಸ ಅಷ್ಟೇ. ಎರಡು ಗಾಲಿಯನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಗಾಲಿ ನೆಲಕ್ಕೆ ಉಜ್ಜಿಕೊಳ್ಳಲೇಬೇಕು.

ಒಂದು ಕಸುಬು ಇನ್ನೊಂದಕ್ಕೆ ಕೈ ಕೊಟ್ಟದ್ದು

ಇಷ್ಟೆಲ್ಲ ಈ ಊರಿನಲ್ಲೇ ಯಾಕೆ ಆಯಿತು? ಬಂದರು ಇಲ್ಲ. ಕೊವೆಂಟ್ರಿಯವರು ನೇಯುತ್ತಿದ್ದದ್ದು ರೇಷ್ಮೆ ರಿಬ್ಬನ್ನು, ಮಾಡುತ್ತಿದ್ದದ್ದು ಗಡಿಯಾರ. 1860ರಲ್ಲಿ ಫ್ರಾನ್ಸಿನ ಜೊತೆ ಒಪ್ಪಂದವಾಗಿ ವಿದೇಶಿ ರೇಷ್ಮೆಯ ಮೇಲಿನ ಸುಂಕ ಹೋಯಿತು. ಫ್ರಾನ್ಸಿನ ರಿಬ್ಬನ್ನು ಬಂದು ಬಿತ್ತು, ಮಗ್ಗಗಳು ನಿಂತವು, ಸಾವಿರಾರು ಮನೆಗಳಲ್ಲಿ ಒಲೆ ಉರಿಯದ ಹಾಗಾಯಿತು. ಗಡಿಯಾರದ ಕೆಲಸವನ್ನು ಸ್ವಿಟ್ಜರ್ಲೆಂಡಿನವರೂ ಅಮೆರಿಕದವರೂ ನಿಧಾನಕ್ಕೆ ಕಸಿದುಕೊಂಡರು. ಕೆಲಸ ಹೋಯಿತು, ಆದರೆ ಸಣ್ಣ ಹಲ್ಲಿನ ಚಕ್ರವನ್ನು ಕೂದಲೆಳೆಯಷ್ಟೂ ತಪ್ಪದೆ ಕೊರೆಯುವ ಕೈ ಊರಿನಲ್ಲೇ ಉಳಿಯಿತು. ಆ ಕೈಗಳನ್ನು ನಂಬಿ 1860ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಹೊಲಿಗೆ ಯಂತ್ರದ ಕಾರ್ಖಾನೆ ಬಂತು. ಜೇಮ್ಸ್ ಸ್ಟಾರ್ಲಿ ಬಂದದ್ದು ಆ ಕೆಲಸಕ್ಕೆ. ಸಸೆಕ್ಸ್‌ನ ರೈತನ ಮಗ, ತೋಟದ ಮಾಲಿಯಾಗಿದ್ದವನು, ಯಜಮಾನರ ಮನೆಯ ಕೆಟ್ಟ ಹೊಲಿಗೆ ಯಂತ್ರ ರಿಪೇರಿ ಮಾಡಿ ಬೆಳಕಿಗೆ ಬಂದವನು. 1868ರ ಹೊತ್ತಿಗೆ ಕಂಪನಿಯ ಪ್ಯಾರಿಸ್ ಏಜೆಂಟ್ ರೌಲಿ ಟರ್ನರ್ ಅಲ್ಲಿಂದ ಒಂದು ಮರದ ಗಾಲಿಯ ಸೈಕಲ್ ತಂದು, ಇಂಥವನ್ನು ಮಾಡಿಕೊಟ್ಟರೆ ಫ್ರಾನ್ಸಿನಲ್ಲಿ ಮಾರಬಹುದು ಅಂದ. ಹೊಲಿಗೆ ಯಂತ್ರದ ಕಾರ್ಖಾನೆ ಸೈಕಲ್ಲಿನ ಕಾರ್ಖಾನೆಯಾಯಿತು. ಮುಂದೆ ಅದೇ ಕಂಪನಿ ಸ್ವಿಫ್ಟ್ ಎಂಬ ಹೆಸರಿನಲ್ಲಿ ಕಾರನ್ನೂ ಮಾಡಿತು.

ಮ್ಯೂಸಿಯಂನ ಹೆಸರಿನ ಫಲಕಗಳನ್ನು ಈ ಕಣ್ಣಿನಿಂದ ಓದಿದರೆ ರೋಮಾಂಚನವಾಗುತ್ತದೆ. ಏರಿಯಲ್ ಸೈಕಲ್ಲಿನ ಹಿಲ್‌ಮನ್ನನೇ ಮುಂದೆ ಹಿಲ್‌ಮನ್ ಕಾರಿನ ಹಿಲ್‌ಮನ್. ರೋವರ್ ಸೈಕಲ್ಲಿನ ಕಂಪನಿ 1904ರಲ್ಲಿ ಕಾರು ಮಾಡಿತು. ಸಿಂಗರ್, ಹಂಬರ್, ರೈಲಿ, ಟ್ರಯಂಫ್ ಎಲ್ಲವೂ ಮೊದಲು ಸೈಕಲ್ಲು. ಉಕ್ಕಿನ ಕೊಳವೆಯನ್ನು ಹಿತ್ತಾಳೆ ಬೆಸುಗೆಯಲ್ಲಿ ಕೂಡಿಸುವುದು, ಬಾಲ್ ಬೇರಿಂಗ್ ಕೂರಿಸುವುದು, ಚೈನು ಮಾಡುವುದು, ತಂತಿ ಕಡ್ಡಿಯ ಗಾಲಿ ಹೆಣೆಯುವುದು: ಮೊದಲ ಕಾರುಗಳಿಗೆ ಬೇಕಾಗಿದ್ದದ್ದು ಎಂಜಿನ್ ಒಂದನ್ನು ಬಿಟ್ಟರೆ ಇವೇ. ಹಾಗಾಗಿ ಡೈಮ್ಲರ್ 1896ರಲ್ಲಿ ಇಲ್ಲಿನ ಹಳೇ ಹತ್ತಿ ಗಿರಣಿಯೊಂದಕ್ಕೆ ಬಂದು ಬ್ರಿಟನ್ನಿನಲ್ಲಿ ಕಾರು ತಯಾರಿಕೆ ಶುರುಮಾಡಿದ್ದು ಆಕಸ್ಮಿಕವೇನಲ್ಲ. ಕೆಲಸ ಬಲ್ಲವರು ಆಗಲೇ ಬೀದಿ ಬೀದಿಯಲ್ಲಿದ್ದರು.

ನಮ್ಮ ಹೊಲದ ಟ್ರ್ಯಾಕ್ಟರು, ನಮ್ಮ ಬೀದಿಯ ಹೆರಾಲ್ಡ್

ಕೊವೆಂಟ್ರಿ ಅಂದರೆ ನಮ್ಮವರ ಬಾಯಲ್ಲಿ ಬರುವುದು ಟಾಟಾದವರು 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡ ಸುದ್ದಿ. ಕಂಪನಿಯ ಮುಖ್ಯ ಕಚೇರಿ ಈ ಊರಿನ ವಿಟ್ಲಿಯಲ್ಲಿದೆ. ವಾರಿಕ್ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಉತ್ಪಾದನಾ ಇಂಜಿನಿಯರಿಂಗ್ ವಿಭಾಗ ಕಟ್ಟಿದ ಕುಮಾರ್ ಭಟ್ಟಾಚಾರ್ಯ ಹುಟ್ಟಿದ್ದು ಬೆಂಗಳೂರಿನಲ್ಲಿ. ಇವು ದೊಡ್ಡ ಸಂಗತಿಗಳೇ. ಆದರೂ ನಮ್ಮ ರೈತರ ಹೊಲಕ್ಕೆ ಈ ಊರು ತಲುಪಿದ್ದು ಅದಕ್ಕಿಂತ ಬಹಳ ಮೊದಲು, ಬೂದು ಬಣ್ಣದ ಪುಟ್ಟ ಫರ್ಗ್ಯುಸನ್ ಟ್ರ್ಯಾಕ್ಟರಿನ ಮೂಲಕ. 1946ರಿಂದ 1956ರ ತನಕ ಕೊವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ಈ ಟಿಇ20 ಟ್ರ್ಯಾಕ್ಟರುಗಳನ್ನು 5 ಲಕ್ಷಕ್ಕಿಂತ ಹೆಚ್ಚು ಮಾಡಿತು. 

ಅದರಲ್ಲಿ ನೋಡಬೇಕಾದದ್ದು ಹಿಂಭಾಗ. ಕೆಳಗೆ ಎರಡು ಕೈ, ಮೇಲೆ ಒಂದು ಟಾಪ್ ಲಿಂಕ್. ಅದಕ್ಕೂ ಹಿಂದಿನ ಟ್ರ್ಯಾಕ್ಟರುಗಳು ನೇಗಿಲನ್ನು ಗಾಡಿಯ ಹಾಗೆ ಹಿಂದೆ ಎಳೆದುಕೊಂಡು ಹೋಗುತ್ತಿದ್ದವು. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿಕೊಂಡರೆ ಹಿಂದಿನ ಗಾಲಿ ಸುತ್ತುತ್ತಲೇ ಇರುತ್ತಿತ್ತು, ಮುಂಭಾಗ ಮೇಲೆದ್ದು ಟ್ರ್ಯಾಕ್ಟರು ಓಡಿಸುವವನ ಮೇಲೇ ಮಗುಚುತ್ತಿತ್ತು. ಹ್ಯಾರಿ ಫರ್ಗ್ಯುಸನ್ ನೇಗಿಲನ್ನು ಮೂರು ಕೊಂಡಿಯಲ್ಲಿ ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಿದ. ಉಳುವಾಗ ಕೆಳಗಿನ ಕೈಗಳು ನೇಗಿಲನ್ನು ಎಳೆಯುತ್ತವೆ, ಮೇಲಿನ ಟಾಪ್ ಲಿಂಕ್ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತದೆ. ಮಣ್ಣು ಗಟ್ಟಿಯಾದಷ್ಟೂ ಆ ಒತ್ತು ಹೆಚ್ಚು. ಆ ಒತ್ತೇ ಹೈಡ್ರಾಲಿಕ್ಕಿನ ವಾಲ್ವನ್ನು ಸರಿಸಿ ಲಿಫ್ಟನ್ನು ಸ್ವಲ್ಪ ಎತ್ತಿಸುತ್ತದೆ. ನೇಗಿಲಿನ ತೂಕ, ಅದನ್ನು ಕೆಳಗೆ ಎಳೆಯುವ ಮಣ್ಣಿನ ಹಿಡಿತ ಎರಡೂ ಹಿಂದಿನ ಗಾಲಿಗಳ ಮೇಲೆ ಬಿದ್ದು, ಸುಮಾರು ಒಂದು ಟನ್ನಿನ ಹಗುರ ಟ್ರ್ಯಾಕ್ಟರಿಗೆ ಬೇಕಾದ ಹಿಡಿತ ಸಿಗುತ್ತದೆ. ನೇಗಿಲು ಬಂಡೆಗೆ ಬಡಿದರೆ ಭಾರ ಮುಂದಕ್ಕೆ ಹೋಗಿ, ಹಿಂದಿನ ಗಾಲಿ ನಿಂತಲ್ಲೇ ತಿರುಗುತ್ತದೆ, ಮಗುಚುವುದಿಲ್ಲ. ಚೆನ್ನೈನ ಟ್ಯಾಫೆ 1960ರಲ್ಲಿ ಮ್ಯಾಸ್ಸಿ ಫರ್ಗ್ಯುಸನ್ ಜೊತೆ ಕೈಜೋಡಿಸಿತು, ದೊಡ್ಡಬಳ್ಳಾಪುರದಲ್ಲೂ ಅದರ ಕಾರ್ಖಾನೆ ಇದೆ. ನಮ್ಮಲ್ಲಿ ‘ಮೆಸ್ಸಿ’ ಓಡಿಸುವವರು ಟಾಪ್ ಲಿಂಕಿನ ಉದ್ದ ಕಡಿಮೆ ಮಾಡಿ ನೇಗಿಲಿನ ಮೂತಿ ಕೆಳಕ್ಕೆ ಬಾಗಿಸುವಾಗ ತಿರುಗಿಸುವುದು ಆ ಕೊವೆಂಟ್ರಿಯ ಕೊಂಡಿಯನ್ನೇ.

ಡಿಫರೆನ್ಶಿಯಲ್ಲಿನ ಕಥೆಯೂ ಇಲ್ಲಿ ಮತ್ತೆ ಬರುತ್ತದೆ. ಅದು ಎರಡು ಗಾಲಿಗೂ ಒಂದೇ ಬಲ ಹಂಚುತ್ತದೆ, ಹಾಗಾಗಿ ಯಾವ ಗಾಲಿಗೆ ಹಿಡಿತ ಕಡಿಮೆಯೋ ಅದರ ಮಾತೇ ನಡೆಯುತ್ತದೆ. ಗದ್ದೆಯಲ್ಲಿ ಒಂದು ಗಾಲಿ ಕೆಸರಿಗೆ ಇಳಿದರೆ ಅದೊಂದೇ ಗರಗರ ಸುತ್ತಿ, ಗಟ್ಟಿ ನೆಲದ ಗಾಲಿ ಸುಮ್ಮನೆ ನಿಲ್ಲುವುದು ಇದಕ್ಕೇ. ಆಗ ಹಿಮ್ಮಡಿಯಿಂದ ಡಿಫ್ ಲಾಕ್ ಒತ್ತಿ ಎರಡನ್ನೂ ಒಂದು ಮಾಡುತ್ತಾರೆ. ಗಾಲಿ ಜೋರಾಗಿ ಸುತ್ತುತ್ತಿರುವಾಗ ಒತ್ತಬಾರದು, ಮೊದಲು ಕ್ಲಚ್ ತುಳಿದು ಗಾಲಿ ನಿಲ್ಲಿಸಬೇಕು. ಹೊರಬಂದ ಮೇಲೆ ಬಿಡದೆ ತಿರುಗಿಸಿದರೆ ಸ್ಟೇರಿಂಗ್ ಮಾತು ಕೇಳುವುದಿಲ್ಲ, ಹೌಸಿಂಗಿನೊಳಗಿನ ಹಲ್ಲುಗಳಿಗೆ ಪೆಟ್ಟು.

ಹೆರಾಲ್ಡ್ ಕಾರಿನ ವಿಷಯ ಇನ್ನೂ ಹತ್ತಿರದ್ದು. ಅಜ್ಜ-ಅಜ್ಜಿಯರ ಮದುವೆ ಫೋಟೊಗಳಲ್ಲಿ ನಿಂತಿರುವ, ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಮಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್, ಇಲ್ಲಿನ ಟ್ರಯಂಫ್ ಹೆರಾಲ್ಡ್. ಅದು 1959ರಲ್ಲಿ ಬಂದಾಗ ಬೇರೆ ಕಂಪನಿಗಳು ಚಾಸಿ ಬಿಟ್ಟು ಇಡೀ ಬಾಡಿಯನ್ನೇ ಒಂದು ಪೆಟ್ಟಿಗೆಯಾಗಿ ಬೆಸೆಯುವ ಕಡೆ ಹೊರಳಿದ್ದವು. ಹೆರಾಲ್ಡ್ ಮಾತ್ರ ಚಾಸಿ ಇಟ್ಟುಕೊಂಡಿತು. ಬಾಡಿ ಮಾಡಿಕೊಡುತ್ತಿದ್ದ ಫಿಷರ್ ಅಂಡ್ ಲಡ್ಲೊ ಕಂಪನಿಯನ್ನು 1953ರಲ್ಲಿ ಪ್ರತಿಸ್ಪರ್ಧಿ ಬಿಎಂಸಿ ಕೊಂಡುಬಿಟ್ಟಿತ್ತು. ಹಾಗಾಗಿ ಬಾಡಿಯನ್ನು ಬೇರೆ ಬೇರೆ ತುಂಡುಗಳಲ್ಲಿ ಮಾಡಿಸಿ, ಚಾಸಿಯ ಮೇಲೆ ಬೋಲ್ಟ್ ಹಾಕಿ ಕೂರಿಸುವ ಕಾರು ಹುಟ್ಟಿತು. ತುಂಡುಗಳನ್ನು ಪೆಟ್ಟಿಗೆಯಲ್ಲಿ ಕಳಿಸಿ ದೂರದ ದೇಶದಲ್ಲಿ ಜೋಡಿಸುವುದಕ್ಕೆ ಅದೇ ಅನುಕೂಲವಾಯಿತು. ಜೋಡಣೆಯ ಸಂದಿಗಳಲ್ಲಿ ನೀರು ಇಳಿಯುವುದು, ಬಾಗಿಲು ಸರಿಯಾಗಿ ಕೂರದಿರುವುದು ಅದರ ಬೆಲೆ. ಬಾನೆಟ್ ಮುಂದಕ್ಕೆ ಪೂರ್ತಿ ತೆರೆದುಕೊಳ್ಳುತ್ತಿದ್ದರಿಂದ ಮೆಕ್ಯಾನಿಕ್ ಟೈರಿನ ಮೇಲೆ ಕೂತು ಎಂಜಿನ್ ಬಿಚ್ಚಬಹುದಿತ್ತು, ತಿರುಗಲು 25 ಅಡಿ ಅಗಲದ ಜಾಗ ಸಾಕಿತ್ತು. ದೋಷ ಇದ್ದದ್ದು ಹಿಂದಿನ ಅಚ್ಚಿನಲ್ಲಿ. ಅಚ್ಚು ನಡುವಿನಲ್ಲಿ ಮಾತ್ರ ಕೀಲು ಹೊಂದಿದ್ದು, ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಎದ್ದು ಹೊರಗಿನ ಗಾಲಿ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದ್ದು ಭಾರತದಲ್ಲಿ ಮಾತ್ರ. ಕೊವೆಂಟ್ರಿಯವರಿಗೆ ಇದನ್ನು ಹೇಳಿದರೆ ಆಶ್ಚರ್ಯಪಡುತ್ತಾರೆ.

ಮೂರು ಮೊಳೆ

ಮ್ಯೂಸಿಯಂನಲ್ಲಿ 1940ರ ಬಾಂಬ್ ದಾಳಿಯನ್ನು ತೋರಿಸುವ ಭಾಗವೂ ಇದೆ. ಅದನ್ನು ನೋಡಿದ ಮೇಲೆ ಕತ್ತಲಾಗುವ ಮೊದಲು ಕೆಥೆಡ್ರಲ್ಲಿಗೆ ಹೋಗಬೇಕು, ನಡೆದರೆ ಐದಾರು ನಿಮಿಷ. ನವೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಅದನ್ನು ನೆನಪಿಡಿ. 1940ರ ನವೆಂಬರ್ 14ರ ಸಂಜೆ ಏಳು ಗಂಟೆ ಕಳೆಯುತ್ತಲೇ ಶುರುವಾದ ದಾಳಿ ಬೆಳಗಿನ ಆರರ ತನಕ ನಡೆಯಿತು. 500ಕ್ಕೂ ಹೆಚ್ಚು ಜರ್ಮನ್ ವಿಮಾನಗಳು, 550ಕ್ಕಿಂತ ಹೆಚ್ಚು ಸಾವು, 4,300ಕ್ಕಿಂತ ಹೆಚ್ಚು ಮನೆ ನೆಲಸಮ. ಕಾರು, ಸೈಕಲ್ಲು ಮಾಡುತ್ತಿದ್ದ ಕೈಗಳು ಆಗ ವಿಮಾನದ ಎಂಜಿನ್ನು, ಯುದ್ಧದ ಬಿಡಿಭಾಗ ಮಾಡುತ್ತಿದ್ದವು, ಊರನ್ನು ಗುರಿಯಾಗಿಸಿದ್ದು ಅದಕ್ಕೆ. ಕಾರ್ಖಾನೆಗಳು ಊರ ಹೊರಗೆ ಇರಲಿಲ್ಲ, ಮನೆಗಳ ನಡುವೆಯೇ ಇದ್ದವು. ಟ್ರಯಂಫ್ ಮೋಟಾರ್ ಸೈಕಲ್ಲಿನ ಕಾರ್ಖಾನೆ ಇದ್ದದ್ದು ಕೆಥೆಡ್ರಲ್ಲಿನ ಮಗ್ಗುಲ ಪ್ರಯರಿ ಸ್ಟ್ರೀಟಿನಲ್ಲಿ, ಅದೂ ಆ ದಾಳಿಯಲ್ಲಿ ಹೋಯಿತು. ಆ ಕಂಪನಿ ಕಟ್ಟಿದ ಸೀಗ್‌ಫ್ರೀಡ್ ಬೆಟ್‌ಮನ್ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಹುಟ್ಟಿದವರು, 1913ರಲ್ಲಿ ಇದೇ ಊರಿನ ಮೇಯರ್ ಆಗಿದ್ದವರು. ಈಗ ಆ ಬೀದಿಯಲ್ಲಿರುವುದು ಕೊವೆಂಟ್ರಿ ವಿಶ್ವವಿದ್ಯಾಲಯ, ನಮ್ಮ ಮಕ್ಕಳು ಕ್ಲಾಸಿಗೆ ಹೋಗುವ ದಾರಿ.

ಹಳೇ ಕೆಥೆಡ್ರಲ್ಲಿಗೆ ಮಾಡು ಇಲ್ಲ. ಸುಮಾರು 90 ಮೀಟರ್ ಎತ್ತರದ ಗೋಪುರ, ಗಾಜಿಲ್ಲದ ಕಿಟಕಿಗಳ ಗೋಡೆ, ತಲೆಯ ಮೇಲೆ ಆಕಾಶ. ನೆಲದ ಮೇಲೆ ಮಳೆ ನೀರು ನಿಂತಿರುತ್ತದೆ. ಸುಟ್ಟುಬಿದ್ದ ಮಾಡಿನ ಬೂದಿಯಲ್ಲಿ ಆ ಮಾಡನ್ನು ಹಿಡಿದಿಟ್ಟಿದ್ದ ಮಧ್ಯಯುಗದ ಉದ್ದನೆಯ ಕಬ್ಬಿಣದ ಮೊಳೆಗಳು ಸಿಕ್ಕವು. ಕಮ್ಮಾರ ಬಡಿದು ಮಾಡಿದ ಚೌಕ ಮೊಳೆಗಳು. ಅವುಗಳಲ್ಲಿ ಮೂರನ್ನು ಕಟ್ಟಿ ಶಿಲುಬೆ ಮಾಡಿದರು. ಹಿಂದಿನ ಗೋಡೆಯ ಮೇಲೆ ಕೊರೆದಿರುವುದು ‘ತಂದೆಯೇ, ಕ್ಷಮಿಸು’ ಅಂತ ಮಾತ್ರ, ‘ಅವರನ್ನು’ ಅಂತ ಇಲ್ಲ. ಇಂಥದ್ದೇ ಮೊಳೆಯ ಶಿಲುಬೆಯೊಂದನ್ನು ಬರ್ಲಿನ್ನಿನ, ಅದೇ ಯುದ್ಧದಲ್ಲಿ ಬಾಂಬಿಗೆ ಸಿಕ್ಕ ಚರ್ಚಿಗೆ ಕೊಟ್ಟಿದ್ದಾರೆ. ಪಕ್ಕದಲ್ಲಿ ಬೇಸಿಲ್ ಸ್ಪೆನ್ಸ್ ಕಟ್ಟಿದ ಹೊಸ ಕೆಥೆಡ್ರಲ್ 1962ರದ್ದು. ಒಳಗೆ ಹೋದವರು ಬಣ್ಣದ ಕಿಟಕಿ ಎಲ್ಲಿ ಎಂದು ಹುಡುಕುತ್ತಾರೆ. ಬಾಗಿಲಿನಿಂದ ನೋಡಿದರೆ ಅವು ಕಾಣುವುದಿಲ್ಲ, ಗೋಡೆಗಳು ಗರಗಸದ ಹಲ್ಲಿನಂತೆ ಓರೆಯಾಗಿವೆ. ಬಲಿಪೀಠದ ತನಕ ನಡೆದು ಹಿಂತಿರುಗಿ ನೋಡಬೇಕು, ಆಗ ಎಲ್ಲಾ ಕಿಟಕಿಗಳೂ ಒಟ್ಟಿಗೆ ಬೆಳಗುತ್ತವೆ, ಅವುಗಳ ಆಚೆ ಗಾಜಿನ ಪರದೆಯೊಳಗಿಂದ ಮಾಡಿಲ್ಲದ ಹಳೇ ಗೋಡೆ ಕಾಣುತ್ತದೆ.

ಕೊನೆಗೆ ಆ ಕಾರು

ಹಾಸನದ ಹುಡುಗಿ ಥ್ರಸ್ಟ್ ಎಸ್‌ಎಸ್‌ಸಿ ಬಿಟ್ಟು ಬರಲಿಲ್ಲ, ಬಿಡಬೇಕಾಗಿಯೂ ಇಲ್ಲ. ಸೈಕಲ್ಲು ನೋಡಿದ ಕಣ್ಣು ಅಲ್ಲಿಯೂ ಗಾಲಿಗೇ ಹೋಯಿತು. ಆ ಗಾಲಿಯಲ್ಲಿ ಕಡ್ಡಿಯೂ ಇಲ್ಲ, ರಬ್ಬರೂ ಇಲ್ಲ, ಇಡೀ ಗಾಲಿ ಅಲ್ಯೂಮಿನಿಯಂ. ಆ ವೇಗದಲ್ಲಿ ಸುತ್ತಿದರೆ ರಬ್ಬರು ಹೊರಕ್ಕೆ ಸಿಡಿದು ಚೂರಾಗುತ್ತದೆ. ಎರಡು ರೋಲ್ಸ್ ರಾಯ್ಸ್ ಸ್ಪೇ ಜೆಟ್ ಎಂಜಿನ್ನುಗಳು ಮುಂದಿನ ಎರಡೂ ಬದಿಯಲ್ಲಿ ಕೂತಿರುವುದರಿಂದ ಮುಂದಿನ ಗಾಲಿ ತಿರುಗಲು ಜಾಗವಿಲ್ಲ, ಹಿಂದಿನ ಎರಡು ಗಾಲಿಗಳನ್ನು ಒಂದರ ಹಿಂದೊಂದು ಇಟ್ಟು, ಅವುಗಳಿಂದಲೇ ಸ್ಟೇರಿಂಗ್ ಮಾಡಿಸಿದ್ದಾರೆ. 1997ರ ಅಕ್ಟೋಬರ್ 15ರಂದು ಅಮೆರಿಕದ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಆಂಡಿ ಗ್ರೀನ್ ಓಡಿಸಿದ ಸರಾಸರಿ ವೇಗ ಗಂಟೆಗೆ 1,227.986 ಕಿಲೋಮೀಟರ್. ದಾಖಲೆಗೆ ಒಂದು ಗಂಟೆಯೊಳಗೆ ಎರಡೂ ದಿಕ್ಕಿನಲ್ಲಿ ಓಡಬೇಕು, ಗಾಳಿಯ ಸಹಾಯ ಲೆಕ್ಕಕ್ಕೆ ಸಿಗದಿರಲಿ ಅಂತ. ಆ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಏಳು ನಿಮಿಷ ಸಾಕು.

ಹೊರಗೆ ಬಂದು ಕ್ಯಾನ್ಲಿ ಕಡೆಯ ಬಸ್ಸು ಹತ್ತಿದರೆ, ಹೆರಾಲ್ಡ್ ತಯಾರಾಗುತ್ತಿದ್ದ ಕಾರ್ಖಾನೆಯ ಜಾಗದಲ್ಲಿ ಈಗ ಕಚೇರಿಗಳೂ ಗೋದಾಮುಗಳೂ ಇವೆ. ರಸ್ತೆಗಳ ಹೆಸರು ಮಾತ್ರ ಹೆರಾಲ್ಡ್ ಅವೆನ್ಯೂ, ಡಾಲೊಮೈಟ್ ಅವೆನ್ಯೂ, ಎರಡೂ ಟ್ರಯಂಫ್ ಕಾರುಗಳು. ಟ್ರ್ಯಾಕ್ಟರು ಮಾಡಿದ ಬ್ಯಾನರ್ ಲೇನಿನಲ್ಲಿ ಮನೆಗಳೆದ್ದಿವೆ. ಆಲ್ವಿಸ್ ಕಾರ್ಖಾನೆಯ ಜಾಗದಲ್ಲಿ ಅದೇ ಹೆಸರಿನ ಅಂಗಡಿ ಸಾಲು. ಬಾಡಿಗೆ ಮನೆ ಹುಡುಕುವಾಗ ಬೀದಿಯ ಹೆಸರನ್ನು ಒಂದು ಸಲ ನಿಂತು ಓದಿ.

ಅವತ್ತು ರಾತ್ರಿ ಹತ್ತರ ಸುಮಾರಿಗೆ ಅವಳಿಂದ ಒಂದು ಆಡಿಯೊ ಬಂತು. ಮಾತಿರಲಿಲ್ಲ. ಟಿಂಗ್, ಟಿಂಗ್, ಟಿಂಗ್, ಟಿಂಗ್, ಧಬ್, ಟಿಂಗ್. ಕೆಳಗೆ ಬರೆದಿದ್ದಳು: ‘ಐದನೇದು ಸರ್. ಕಾಲು ಸುತ್ತು ಕೊಟ್ಟೆ. ಇನ್ನೂ ಧಬ್ ಅಂತಿದೆ, ಇನ್ನೊಂದು ಕಾಲು ಕೊಡ್ಲಾ?’